ಕೇಳಿಸದ ತಂತಿಗೆ ಕೊಟ್ಟ ದುಡ್ಡು

ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ವಾಟ್ಸಾಪಿನಲ್ಲಿ ಮೂರು ಲಿಂಕ್ ಕಳಿಸಿದ. ಒಂದು ಐದು ತಂತಿಯ ಬೇಸ್ ಗಿಟಾರ್, ಇನ್ನೊಂದು ಆರು ತಂತಿಯದ್ದು, ಮತ್ತೊಂದು ಏಳು. "ಅಣ್ಣಾ, ಬೋನಸ್ ಬಂದಿದೆ. ಯಾವ್ದು ತಗೊಳ್ಳಿ? ಆಂಪ್‌ಗೆ ಎಷ್ಟು ವ್ಯಾಟ್ ಬೇಕು?" ಅಂತ ಕೆಳಗೆ ಬರೆದಿದ್ದ. ಮೀಟಿಂಗಿನಲ್ಲಿ ಕೂತೇ ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಕೊನೆಗೆ "ಸಂಜೆ ಕಾಫಿಗೆ ಸಿಗು" ಅಂದೆ. ಅಲ್ಲಿ ಹೇಳಿದ್ದು, ಹೇಳಲು ಮರೆತದ್ದು ಎರಡೂ ಇಲ್ಲಿದೆ.

ನಮ್ಮೂರು ಹೊಸದುರ್ಗದ ಕಡೆ. ತಗ್ಗಿನ ದನಿ ಅಂದ್ರೆ ಏನು ಅಂತ ನನಗೆ ಕಲಿಸಿದ್ದು ಡೊಳ್ಳು. ಬೀರಪ್ಪನ ಜಾತ್ರೆಯಲ್ಲಿ ಹತ್ತು ಹನ್ನೆರಡು ಜನ ಒಟ್ಟಿಗೆ ಬಾರಿಸುವಾಗ ಹತ್ತಿರ ನಿಂತರೆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಬೇಸ್ ಗಿಟಾರ್ ಕಂಡಿದ್ದು ಆಮೇಲೆ, ಗಣೇಶನ ಹಬ್ಬದ ರಸಮಂಜರಿಯಲ್ಲಿ. ಬಿಇ ಮುಗಿಸಿ ಬೆಂಗಳೂರಿಗೆ ಬಂದು, ನಾಲ್ಕು ತಂತಿಯದ್ದನ್ನು ಐದು ವರ್ಷ ನುಡಿಸಿ, ಒಂದು ದಿನ ಎರಡು ತಿಂಗಳ ಸಂಬಳ ಸುರಿದು ಆರು ತಂತಿಯದ್ದು ತಂದೆ. ಕಾರಣ ಒಂದೇ, ಕೆಳಗಿನ ಬಿ ತಂತಿ. ಹೆಡ್‌ಫೋನ್ ಹಾಕಿಕೊಂಡು ನೋಡಿದ ಡೆಮೊ ವಿಡಿಯೋಗಳಲ್ಲಿ ಆ ತಂತಿ ಥೇಟ್ ಡೊಳ್ಳಿನ ಹಾಗೆ ಕೇಳಿಸಿತ್ತು.

ಆ ವರ್ಷದ ಹಬ್ಬಕ್ಕೆ ಅದನ್ನು ಊರಿಗೂ ಒಯ್ದೆ. ಆರ್ಕೆಸ್ಟ್ರಾದವರು ಪರಿಚಯದವರೇ, ಎರಡು ಹಾಡಿಗೆ ನೀನೇ ನಿಂತ್ಕೋ ಅಂದ್ರು. ಅವರ ಬೇಸ್ ಹುಡುಗನದ್ದು ಬಣ್ಣ ಹೋದ, ನಾಲ್ಕೇ ತಂತಿಯ ವಾದ್ಯ. ನಾನು ಸಿಕ್ಕಲ್ಲೆಲ್ಲ ಬಿ ತಂತಿಗೆ ಇಳಿದು ನುಡಿಸಿದೆ. ಅಪ್ಪ ಹಿಂದೆ ಕಟ್ಟೆ ಮೇಲೆ ಕೂತಿದ್ದ. ರಾತ್ರಿ ಊಟಕ್ಕೆ ಕೂತಾಗ ಕೇಳಿದ: "ಆ ಹುಡುಗುಂದು ದಂ ದಂ ಅಂತ ಚೆನ್ನಾಗಿ ಕೇಳ್ತು ಕಣಪ್ಪ. ನಿಂದೆಲ್ಲಿ? ವೈರ್ ಹಾಕಿರ್ಲಿಲ್ವ?" ಸಾಲದ್ದಕ್ಕೆ ಅದರ ಬೆಲೆಯನ್ನೂ ಕೇಳಿದ. ಅರ್ಧ ಹೇಳಿದೆ.

ವೈರ್ ಹಾಕಿತ್ತು. ಕೊಳ್ಳುವ ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಬೆಂಗಳೂರಿಗೆ ವಾಪಸ್ ಬಂದು ಮಾಡಿದೆ. ನಾಲ್ಕು ತಂತಿಯ ಬೇಸಿನಲ್ಲಿ ಎಲ್ಲಕ್ಕಿಂತ ಕೆಳಗಿನ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತೆ, ಅಂದ್ರೆ 41 ಹರ್ಟ್ಜ್. ಬಿ ತಂತಿ 31. ಏಳೆಂಟು ತಂತಿಯವುಗಳಲ್ಲಿ ಕೆಲವು ಎಫ್ ಶಾರ್ಪ್‌ವರೆಗೆ ಇಳಿಯುತ್ತವೆ, ಅದು 23. ಮನುಷ್ಯನ ಕಿವಿ 20ರ ಹತ್ತಿರ ಕೈಚೆಲ್ಲುತ್ತೆ, ಸ್ಪೀಕರ್ ಅದಕ್ಕೂ ಬಹಳ ಮೊದಲೇ. ಅಷ್ಟೇ ಜೋರು ಬೇಕು ಅಂದ್ರೆ, 41ಕ್ಕೆ ಸ್ಪೀಕರಿನ ಕೋನ್ ಎಷ್ಟು ದೂರ ಹಿಂದೆ ಮುಂದೆ ಓಡಾಡುತ್ತೋ 31ಕ್ಕೆ ಅದರ 1.8 ಪಟ್ಟು ಓಡಾಡಬೇಕು. 23ಕ್ಕೆ ಮೂರು ಪಟ್ಟಿಗೂ ಜಾಸ್ತಿ. ರಾಕ್ ಸ್ಟೇಜುಗಳಲ್ಲಿ ಫ್ರಿಜ್ ಥರ ನಿಂತಿರುತ್ತಲ್ಲ, ಹತ್ತಿಂಚಿನ ಎಂಟು ಸ್ಪೀಕರುಗಳ ಆಂಪೆಗ್ ಕ್ಯಾಬಿನೆಟ್, ಎಸ್‌ವಿಟಿ-810ಇ? ಸುಮಾರು 63 ಕೆಜಿ ತೂಕ. ಅದರ ಸ್ಪೆಕ್ ಶೀಟ್ ನೋಡಿ: 58 ಹರ್ಟ್ಜಿಗೇ 3 ಡೆಸಿಬೆಲ್ ಇಳಿದಿರುತ್ತೆ, 40ಕ್ಕೆ 10 ಡೆಸಿಬೆಲ್. ಶಕ್ತಿಯ ಲೆಕ್ಕದಲ್ಲಿ ಹತ್ತನೇ ಒಂದು ಪಾಲು. ಇದರಲ್ಲೇ ದೊಡ್ಡ ದೊಡ್ಡ ಬ್ಯಾಂಡುಗಳು ದಶಕಗಟ್ಟಲೆ ನುಡಿಸಿವೆ, ಬೇಸ್ ಕೇಳಿಸ್ತಿಲ್ಲ ಅಂತ ಯಾರೂ ಎದ್ದು ಹೋಗಿಲ್ಲ.

ಹಾಗಾದ್ರೆ ಕೇಳಿಸಿದ್ದು ಏನು? ಇಲ್ಲಿ ನನಗೆ ನಮ್ಮನೆಯ ಹಳೇ ಟೇಪ್ ರೆಕಾರ್ಡರ್ ನೆನಪಾಗುತ್ತೆ. ಅಂಗೈ ಅಗಲದ ಸ್ಪೀಕರ್. 'ಗೀತಾ' ಸಿನಿಮಾದ ಕ್ಯಾಸೆಟ್ ಹಾಕಿದ್ರೆ ಇಳಯರಾಜಾ ಅವರ ಬೇಸ್ ಓಡಾಟ ಅಡುಗೆಮನೆವರೆಗೂ ಗೊತ್ತಾಗ್ತಿತ್ತು. ಆ ಪುಟ್ಟ ಸ್ಪೀಕರಿಗೆ ನಿಜವಾದ ತಗ್ಗಿನ ದನಿ ಹೊರಡಿಸುವ ತಾಕತ್ತೇ ಇರಲಿಲ್ಲ. ನಡೆಯುತ್ತಿದ್ದುದು ಇಷ್ಟೇ: 31 ಹರ್ಟ್ಜಿನ ತಂತಿ ಮೀಟಿದರೆ 31 ಮಾತ್ರ ಬರುವುದಿಲ್ಲ, ಜೊತೆಗೆ 62, 93, 124 ಹೀಗೆ ಒಂದು ಸಾಲೇ ಬರುತ್ತೆ. ಸ್ಪೀಕರ್ 31ನ್ನು ನುಂಗಿದರೂ ಉಳಿದವುಗಳ ನಡುವಿನ ಅಂತರ 31 ಅಂತ ಮಿದುಳು ಲೆಕ್ಕ ಹಾಕಿ, ಬುಡದ ಸ್ವರವನ್ನು ತಾನೇ ತುಂಬಿಕೊಳ್ಳುತ್ತೆ. ತಗ್ಗಿನ ತಂತಿಯನ್ನು ಸ್ಟೇಜಿನಲ್ಲಿ ನಾವು ಬಹುಪಾಲು ಕೇಳುವುದು ಹೀಗೇ.

ಅಂದ್ರೆ ಬಿ ತಂತಿ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನ ಆಗುವುದು 62ರಿಂದ ಮೇಲೆ ಅದು ಎಷ್ಟು ಸ್ಪಷ್ಟವಾಗಿದೆ ಅನ್ನುವುದರ ಮೇಲೆ. ನಮ್ಮ ರಿವ್ಯೂಗಳ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲೇ. ಬೇಸನ್ನು ನೇರ ಕಂಪ್ಯೂಟರಿಗೆ ಚುಚ್ಚಿ ರೆಕಾರ್ಡ್ ಮಾಡ್ತಾರೆ, ನಾವು ಹೆಡ್‌ಫೋನಿನಲ್ಲಿ ಕೇಳ್ತೀವಿ. ಹೆಡ್‌ಫೋನ್ 31ನ್ನು ಸಲೀಸಾಗಿ ಕೊಡುತ್ತೆ. ಡ್ರಮ್ಮು, ಕೀಬೋರ್ಡು, ಮೂರು ಗಾಯಕರ ನಡುವೆ ಅದು ಹೇಗಿರುತ್ತೆ ಅಂತ ಒಬ್ಬರೂ ತೋರಿಸುವುದಿಲ್ಲ. ಮರ ಯಾವುದು, ಪಾಲಿಶ್ ಎಂಥದ್ದು ಅಂತ ಹತ್ತು ನಿಮಿಷ ಮಾತಾಡಿದವರು ತಂತಿಯ ಉದ್ದವನ್ನು ಒಂದೇ ಉಸಿರಿನಲ್ಲಿ ದಾಟಿಬಿಡ್ತಾರೆ.

ಆ ಉದ್ದವೇ ಮುಖ್ಯ. 1951ರಲ್ಲಿ ಲಿಯೋ ಫೆಂಡರ್ ತನ್ನ ಪ್ರಿಸಿಶನ್ ಬೇಸಿಗೆ 34 ಇಂಚು ಇಟ್ಟ. ಅದು ಇ ತಂತಿಗೆ ಮಾಡಿದ ಅಳತೆ. ಅದೇ ಉದ್ದದಲ್ಲಿ ಬಿ ಬೇಕು ಅಂದ್ರೆ ತಂತಿ ದಪ್ಪ ಮಾಡಬೇಕು, ಇಲ್ಲಾಂದ್ರೆ ಸಡಿಲ ಬಿಡಬೇಕು. ಎರಡರಲ್ಲೂ ದನಿ ಮಬ್ಬಾಗುತ್ತೆ. 35 ಇಂಚು ಮಾಡಿದರೆ ಅದೇ ತಂತಿಯ ಬಿಗಿ ಸುಮಾರು 6 ಪರ್ಸೆಂಟ್ ಏರುತ್ತೆ, 37ಕ್ಕೆ 18 ಪರ್ಸೆಂಟ್. ಕೆನಡಾದ ಡಿಂಗ್‌ವಾಲ್ ಕಂಪನಿಯವರು ಫ್ರೆಟ್‌ಗಳನ್ನು ಬೀಸಣಿಗೆಯ ಹಾಗೆ ಹರಡಿ ಬಿ ತಂತಿಗೆ 37, ಮೇಲಿನ ಜಿ ತಂತಿಗೆ 34 ಇಂಚು ಕೊಡುತ್ತಾರೆ. ನೋಡಲು ವಿಚಿತ್ರ, ಆದರೆ ಲೆಕ್ಕ ಸರಿ. ಕೈ ಒಗ್ಗಿಸಿಕೊಳ್ಳಬೇಕು, ಜೇಬೂ. ಇಬಾನೆಜ್ ಎಸ್‌ಆರ್506ಇ ಥರದ 34 ಇಂಚಿನ ಆರು ತಂತಿಯವು ಕೈಗೆ ಹಗುರ, ಕತ್ತು ತೆಳು, ಓಡಿಸಲು ಖುಷಿ. ಆದರೆ ಬಿ ತಂತಿಯೊಂದಕ್ಕಾಗಿಯೇ ಅದನ್ನು ಕೊಳ್ಳುವುದಾದರೆ ನಾನು ಬೇಡ ಅಂತೀನಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ ಒಂದು. ಬಿ ತಂತಿಯ ಐದನೇ ಫ್ರೆಟ್ ಒತ್ತಿದರೆ ಬರುವುದು ಇ, ಪಕ್ಕದ ಇ ತಂತಿಯನ್ನು ಬಿಟ್ಟು ಮೀಟಿದರೆ ಬರುವುದೂ ಅದೇ 41 ಹರ್ಟ್ಜ್. ಒಂದಾದ ಮೇಲೊಂದು ನುಡಿಸಿ. ಅಂಗಡಿಯವರು ಎಷ್ಟೇ ಆತುರ ಮಾಡಿದ್ರೂ ಹತ್ತು ಸಲ ನುಡಿಸಿ. ಒಂದೇ ವಾದ್ಯದ ಎರಡು ತಂತಿ ಅನ್ನಿಸಬೇಕು. ಒಂದು ಸ್ವರ, ಇನ್ನೊಂದು ಬರೀ ಗುಂಯ್ ಅನ್ನಿಸಿದರೆ ವಾಪಸ್ ಗೋಡೆಗೆ ನೇತುಹಾಕಿ ಬನ್ನಿ. ನನ್ನದು ಈ ಪರೀಕ್ಷೆಯಲ್ಲಿ ಫೇಲು. ಆದರೆ ಪರೀಕ್ಷೆ ಗೊತ್ತಾಗಿದ್ದು ಇಎಂಐ ಶುರುವಾದ ಮೇಲೆ.

ಆರು ತಂತಿಯ ಮೇಲೆ ನನಗೆ ಸಿಟ್ಟಿದೆ ಅಂದ್ಕೋಬೇಡಿ. ಅದರ ಹಿಂದೆ ಒಬ್ಬ ದೊಡ್ಡ ವಾದಕನ ಗಟ್ಟಿ ವಾದವಿದೆ. ನ್ಯೂಯಾರ್ಕಿನ ಆಂಥನಿ ಜ್ಯಾಕ್ಸನ್ 1975ರಲ್ಲಿ ಕಾರ್ಲ್ ಥಾಂಪ್ಸನ್ ಅನ್ನುವ ವಾದ್ಯ ತಯಾರಕರ ಕೈಯಲ್ಲಿ ಆರು ತಂತಿಯ ಬೇಸ್ ಮಾಡಿಸಿದರು. ಅವರು ಅದನ್ನು ಕರೆಯುತ್ತಿದ್ದುದು ಕಾಂಟ್ರಾಬೇಸ್ ಗಿಟಾರ್ ಅಂತ. ಗಿಟಾರಿಗೆ ಆರು ತಂತಿ, ಬೇಸ್ ಅದೇ ಮನೆತನದ್ದು, ಅದಕ್ಕೆ ಮಾತ್ರ ಯಾಕೆ ನಾಲ್ಕು ಅನ್ನುವುದು ಅವರ ಪ್ರಶ್ನೆ. ಮೊದಲ ವಾದ್ಯ ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬೇರೆ ತಯಾರಕರ ಹತ್ತಿರ ಹೋಗಿ, ಕೊನೆಗೆ ಫೊಡೆರಾದವರ ಜೊತೆ ಕೂತು ತಿದ್ದಿಸುತ್ತಾ ಹೋದರು. ಫೊಡೆರಾದ ಆ ವಾದ್ಯದ ಉದ್ದ 36 ಇಂಚು, ಗಮನಿಸಿ. ಅವರಿಗೆ ಹೆಸರು ತಂದುಕೊಟ್ಟ 1973ರ 'ಫಾರ್ ದ ಲವ್ ಆಫ್ ಮನಿ' ಹಾಡಿನ ಬೇಸ್ ನುಡಿಸಿದ್ದು ಮಾತ್ರ ನಾಲ್ಕು ತಂತಿಯಲ್ಲಿ. ಆರರ ಅಗತ್ಯ ಬಂದದ್ದು ಅದನ್ನೆಲ್ಲ ನುಡಿಸಿ ಮುಗಿಸಿದವರಿಗೆ.

ಮೇಲಿನ ಸಿ ತಂತಿಯ ಲಾಭ ಬೇರೆ ಥರದ್ದು. ಅದರ ದನಿ 131 ಹರ್ಟ್ಜ್, ಯಾವ ಡಬ್ಬಾ ಸ್ಪೀಕರಿನಲ್ಲೂ ಬರುತ್ತೆ. ಮೂರು ಸ್ವರ ಸೇರಿಸಿ ನುಡಿಸಬಹುದು, ಹಾಡಿನ ಸಾಲನ್ನೇ ನುಡಿಸಬಹುದು, ಕೈ ಕೆಳಗೆ ಮೇಲೆ ಓಡಿಸದೆ ಎರಡು ಸ್ಥಾಯಿ ದಾಟಬಹುದು. ಕಷ್ಟ ಅಂದ್ರೆ, ನುಡಿಸದ ತಂತಿಗಳೆಲ್ಲ ತಾವಾಗಿಯೇ ಮಿಡಿಯುತ್ತವೆ. ಅವುಗಳ ಬಾಯಿ ಮುಚ್ಚಿಸುವುದೇ ಅರ್ಧ ಕೆಲಸ. ನಾಲ್ಕರಲ್ಲಿ ಮೂರನ್ನು ಸುಮ್ಮನಿರಿಸಿದರೆ ಸಾಕಿತ್ತು, ಆರರಲ್ಲಿ ಐದನ್ನು.

ಇನ್ನು ಆಂಪು. ಇಲ್ಲಿ ವ್ಯಾಟ್ ಒಂದನ್ನೇ ನೋಡಿ ಮೋಸ ಹೋಗುವವರು ಜಾಸ್ತಿ. 250 ವ್ಯಾಟ್ ಇದ್ದದ್ದು 500 ಆದರೆ ಸಿಗುವುದು ಬರೀ 3 ಡೆಸಿಬೆಲ್. ಅಷ್ಟನ್ನೇ, ಕ್ಷಮತೆ 3 ಡೆಸಿಬೆಲ್ ಜಾಸ್ತಿ ಇರುವ ಕ್ಯಾಬಿನೆಟ್ ಒಂದು ವ್ಯಾಟ್ ಖರ್ಚಿಲ್ಲದೆ ಕೊಡುತ್ತೆ. ಡಬ್ಬ ಚಿಕ್ಕದಿರಬೇಕು, ಜೋರಿರಬೇಕು, ತಗ್ಗಿಗೂ ಇಳಿಯಬೇಕು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಲು ಭೌತಶಾಸ್ತ್ರ ಬಿಡುತ್ತೆ. ಪೆಟ್ಟಿಗೆ ಮೇಲೆ 500 ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 4 ಓಮ್‌ಗೆ. ನೀವು 8 ಓಮಿನ ಒಂದೇ ಕ್ಯಾಬ್ ಹಾಕಿದರೆ ಹೆಚ್ಚುಕಮ್ಮಿ ಅರ್ಧ. 1969ರ ಎಸ್‌ವಿಟಿ 300 ವ್ಯಾಟಿಗೆ ಎತ್ತಲಾರದಷ್ಟು ಭಾರವಿತ್ತು, ಈಗಿನ ಕ್ಲಾಸ್ ಡಿ ಆಂಪುಗಳು ಲ್ಯಾಪ್‌ಟಾಪ್ ಬ್ಯಾಗಿಗೇ ಹಿಡಿಸುತ್ತವೆ. ಮೆಟ್ರೋದಲ್ಲಿ ಓಡಾಡುವ ನನಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ನನ್ನ ಸಮಸ್ಯೆಯನ್ನು ಕೊನೆಗೆ ಬಗೆಹರಿಸಿದ್ದು ಹೈಪಾಸ್ ಫಿಲ್ಟರ್ ಅನ್ನುವ ಸಣ್ಣ ಪೆಡಲ್. 40 ಹರ್ಟ್ಜಿನ ಕೆಳಗಿನದ್ದನ್ನೆಲ್ಲ ಕತ್ತರಿಸುವುದೇ ಅದರ ಕೆಲಸ. ಕೋನ್ ಸುಮ್ಮನೆ ಒದ್ದಾಡುವುದು ನಿಂತಿತು, ಮೇಲಿನದ್ದು ತಿಳಿಯಾಯಿತು, ಪ್ರಾಕ್ಟೀಸಿನಲ್ಲಿ ಡ್ರಮ್ಮರ್ "ಗುರೂ, ಇವತ್ತು ಏನೋ ನುಡಿಸ್ತಿದೀಯ ಅಂತ ಗೊತ್ತಾಗ್ತಿದೆ" ಅಂದ. 31 ಹರ್ಟ್ಜಿಗೆ ಅಂತ ಎರಡು ತಿಂಗಳ ಸಂಬಳ ಕೊಟ್ಟವನು, ಅದೇ 31ನ್ನು ತೆಗೆದುಹಾಕಲು ಮತ್ತೆ ದುಡ್ಡು ಕೊಟ್ಟ ಹಾಗಾಯ್ತು.

ಹುಡುಗ ಶನಿವಾರ ಅಂಗಡಿಗೆ ಹೋಗಿದ್ದ. ಏಳರದ್ದು ಕೈಬಿಟ್ಟನಂತೆ. ಐದರಲ್ಲಿ ನಾಲ್ಕು ವಾದ್ಯ ನೋಡಿ, ಸೆಕೆಂಡ್ ಹ್ಯಾಂಡ್ 35 ಇಂಚಿನದ್ದೊಂದನ್ನು ತಂದಿದ್ದಾನೆ. "ಅಣ್ಣಾ, ಐದನೇ ಫ್ರೆಟ್ ಪಾಸು" ಅಂತ ಮೆಸೇಜು. ನನ್ನ ಆರು ತಂತಿಯದ್ದು ಇನ್ನೂ ಮನೆಯಲ್ಲೇ ಇದೆ, ಸಿ ತಂತಿಗಾಗಿ. ಈ ಸಲ ಹಬ್ಬಕ್ಕೆ ಊರಿಗೆ ನಾಲ್ಕು ತಂತಿಯದ್ದನ್ನು ಒಯ್ಯುತ್ತಿದ್ದೇನೆ. ಬೆಲೆಯ ಉಳಿದರ್ಧವನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.