ಮಕ್ಕಳಿಗೆ ಯಾವ ಸಿನಿಮಾ? ಅದನ್ನು ಹೇಳುವವರು ಯಾರು?

ನವೆಂಬರ್ 26ರ ಸಂವಿಧಾನ ದಿನ, ಡಿಸೆಂಬರ್ 6ರ ಪರಿನಿಬ್ಬಾಣ ದಿನ ಹತ್ತಿರ ಬಂತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಗೆಳೆಯ ಮೇಷ್ಟ್ರುಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ. ಹಾಸ್ಟೆಲ್ ಹುಡುಗರಿಗೆ, ಹೈಸ್ಕೂಲು ಮಕ್ಕಳಿಗೆ 'ಜೈ ಭೀಮ್' ತೋರಿಸೋಣವಾ? ಕನ್ನಡದಲ್ಲೇ ಮಾತಾಡುತ್ತೆ, ಪ್ರೊಜೆಕ್ಟರ್ ಇದೆ, ಎರಡೂವರೆ ಗಂಟೆಗೂ ಮೇಲೆ ಹುಡುಗರು ಸದ್ದಿಲ್ಲದೆ ಕೂತಿರ್ತಾರೆ. ತೋರಿಸಬಾರದು ಎಂಬುದು ನಮ್ಮ ಉತ್ತರ. ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬಂದಿದೆ. 'ನೀವೂ ಸೆನ್ಸಾರ್ ಮಂಡಳಿ ಕಡೆ ಸೇರಿಕೊಂಡ್ರಾ?' ಎಂದು ಕೇಳಿದವರಿದ್ದಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ತ.ಸೆ. ಜ್ಞಾನವೇಲ್ 2021ರಲ್ಲಿ ಮಾಡಿದ ಆ ಸಿನಿಮಾಕ್ಕೆ ಸಿಕ್ಕಿದ್ದು 'ಎ' ಸರ್ಟಿಫಿಕೇಟು. 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ 18 ತುಂಬದವರಿಗೆ 'ಎ' ಚಿತ್ರದ ಸಾರ್ವಜನಿಕ ಪ್ರದರ್ಶನ ಮಾಡುವಂತಿಲ್ಲ. ಶಾಲೆಯ ಹಾಲು ಸಾರ್ವಜನಿಕವೋ ಅಲ್ಲವೋ ಎಂದು ವಕೀಲರು ವಾದ ಹೂಡಬಹುದು. ಆದರೆ ಒಬ್ಬ ದಲಿತ ಮೇಷ್ಟ್ರು 'ಜೈ ಭೀಮ್' ತೋರಿಸಿದ ಮಾರನೇ ದಿನವೇ ಊರಿನ ಯಜಮಾನರಿಗೆ ಈ ಕಾಯಿದೆ ಬಾಯಿಪಾಠ ಆಗಿರುತ್ತದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಅದೇ ಯಜಮಾನರು ವಾರ್ಷಿಕೋತ್ಸವದಲ್ಲಿ ಎರಡನೇ ಕ್ಲಾಸಿನ ಹೆಣ್ಣುಮಕ್ಕಳಿಂದ ಸೊಂಟ ಕುಣಿಸುವ ಹಾಡಿಗೆ ಡ್ಯಾನ್ಸ್ ಮಾಡಿಸಿ ಚಪ್ಪಾಳೆ ತಟ್ಟಿದವರು. ಆಗ ಯಾರ ವಯಸ್ಸೂ ಯಾರಿಗೂ ನೆನಪಾಗಿರಲಿಲ್ಲ.

ಆದರೆ ನಮ್ಮ ತಕರಾರು ಕಾನೂನಿನದಲ್ಲ. ಆ ಸಿನಿಮಾದಲ್ಲಿ ಇರುಳರ ರಾಜಾಕಣ್ಣುವನ್ನು ಲಾಕಪ್ಪಿನಲ್ಲಿ ಹೊಡೆಯುತ್ತಾರೆ. ಹೊಡೆಯುತ್ತಲೇ ಇರುತ್ತಾರೆ. ಕ್ಯಾಮೆರಾ ಹತ್ತಿರ ಹೋಗಿ ನೋಡುತ್ತದೆ. 1993ರಲ್ಲಿ ತಮಿಳುನಾಡಿನಲ್ಲಿ ನಿಜವಾಗಿ ನಡೆದ ಲಾಕಪ್ ಸಾವಿನ ಪ್ರಕರಣದಿಂದ ಹುಟ್ಟಿದ ಕತೆ ಅದು, ವಕೀಲ ಚಂದ್ರು ಕೋರ್ಟಿನಲ್ಲಿ ನಡೆಸಿದ ಕೇಸು. ಸುಳ್ಳೇನೂ ಇಲ್ಲ. ವಯಸ್ಕರು ನೋಡಲೇಬೇಕು ಎಂದು ನಾವೇ ಊರೂರಿಗೆ ಹೇಳಿದ್ದೇವೆ. ಆದರೆ ಎಂಟನೇ ಕ್ಲಾಸಿನ ಹುಡುಗ ಅದನ್ನು ನೋಡುವಾಗ ಏನಾಗುತ್ತದೆ? ಅಪ್ಪನನ್ನು ಒಂದು ರಾತ್ರಿ ಸ್ಟೇಷನ್ನಿಗೆ ಎಳೆದುಕೊಂಡು ಹೋದದ್ದನ್ನು ಕಂಡ ಹುಡುಗ ಆ ಹಾಸ್ಟೆಲ್ಲಿನಲ್ಲಿ ಇರಬಹುದು. ಅವನಿಗೆ ಆ ದೃಶ್ಯ ಹೊಸ ತಿಳುವಳಿಕೆ ಕೊಡುವುದಿಲ್ಲ, ಹಳೇ ಗಾಯ ಕೆದಕುತ್ತದೆ. ಅವನ ಪಕ್ಕದಲ್ಲಿ ಕೂತ ಗೌಡರ ಮನೆ ಹುಡುಗನಿಗೆ? ಬಡವರ ಮೈ ಎಂದರೆ ಏಟು ತಿನ್ನುವ ಮೈ, ಅದನ್ನು ಉಳಿಸಲು ಕರೀ ಕೋಟಿನ ಒಬ್ಬ ಹೀರೋ ಬರಬೇಕು ಎಂಬ ಪಾಠ. 'ಅಯ್ಯೋ ಪಾಪ' ಅಂತಾನೆ, ಎದ್ದು ಹೋಗುತ್ತಾನೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕೆ ನಮ್ಮ ಚಳವಳಿ ಹುಟ್ಟಲಿಲ್ಲ.

ಇಷ್ಟು ಹೇಳಿದರೆ ಕೆಲವರು ತಕ್ಷಣ ಒಪ್ಪಿಕೊಂಡು ಇನ್ನೊಂದು ಕಡೆಗೆ ವಾಲುತ್ತಾರೆ. 'ಹೌದು, ಮಕ್ಕಳಿಗೆ ಜಾತಿಗೀತಿ ವಿಷಯವೇ ಬೇಡ. ಅವರು ಹೂವಿನಂಥವರು.' ಈ ಮಾತು ನಮಗೆ ಸಿನಿಮಾಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಯಾವ ಮಕ್ಕಳು ಸ್ವಾಮಿ? ಸಾತಾರದ ಶಾಲೆಯಲ್ಲಿ ಭೀಮರಾವ್ ಎಂಬ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಾಗಿತ್ತು. ಜವಾನ ಇದ್ದು ಮೇಲಿಂದ ಸುರಿದರೆ ನೀರು, ಜವಾನ ಬರದಿದ್ದರೆ ಬಾಯಾರಿಕೆ. ಆಗ ಅವನಿಗೆ 18 ತುಂಬಿತ್ತಾ? 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಕ್ಕೆ ಕಾಲಿಟ್ಟರೆಂದು ದಂಡ ಹಾಕಿದರು. ಬಸವಣ್ಣನ ಹೆಸರಿನ ಗುಡಿಯಲ್ಲೇ ಇದು! 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ಪೊಲೀಸರ ಕಾವಲಿನಲ್ಲಿ ದಲಿತರು ಗುಡಿ ಹೊಕ್ಕರು. ಆ ಊರುಗಳ ಕೇರಿ ಮಕ್ಕಳು ಇದನ್ನೆಲ್ಲ ಸರ್ಟಿಫಿಕೇಟು ಕೇಳದೆಯೇ ನೋಡಿದ್ದಾರೆ. ನೋಡಬಾರದ್ದನ್ನು ನೋಡಿಕೊಂಡೇ ಬೆಳೆದ ಮಗುವಿಗೆ ಅದರ ಬಗ್ಗೆ ಶಾಲೆಯಲ್ಲಿ ಬಾಯಿ ಬಿಡಬೇಡ ಎನ್ನುವುದು ಯಾರ ರಕ್ಷಣೆ? ನೋಡದೆ ಬೆಳೆದವರ ನಿದ್ದೆಯ ರಕ್ಷಣೆ.

ಹಾಗಾದರೆ ಆ ಅಕ್ಷರಗಳನ್ನು ಕೊಡುವವರು ಏನನ್ನು ಅಳೆಯುತ್ತಾರೆ? ಕೆ.ಎ. ಅಬ್ಬಾಸ್ ನಾಲ್ಕು ಮಹಾನಗರಗಳ ಸಿರಿತನ ಬಡತನಗಳನ್ನು ಎದುರುಬದುರು ಇಟ್ಟು ಒಂದು ಸಣ್ಣ ಚಿತ್ರ ಮಾಡಿದ್ದರು. ಅದರಲ್ಲಿ ಬೊಂಬಾಯಿಯ ಸೂಳೆಗೇರಿಯ ಕೆಲವು ದೃಶ್ಯಗಳಿದ್ದುದರಿಂದ 'ಎ' ಎಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು, 1970ರಲ್ಲಿ ಕೋರ್ಟು ಸೆನ್ಸಾರ್ ಪದ್ಧತಿಯನ್ನೇ ಎತ್ತಿಹಿಡಿಯಿತು. ಇನ್ನೊಂದು ಕಡೆ, 1987ರಲ್ಲಿ 'ಒರೇ ಒರು ಗ್ರಾಮತ್ತಿಲೆ' ಎಂಬ ತಮಿಳು ಚಿತ್ರಕ್ಕೆ 'ಯು' ಸಿಕ್ಕಿತು. ಬ್ರಾಹ್ಮಣ ಹುಡುಗಿ ಮೀಸಲಾತಿಯಿಂದ ನೊಂದು ಬೇರೆ ಜಾತಿ ಹೇಳಿಕೊಂಡು ಕೆಲಸ ಹಿಡಿಯುವ ಕತೆ. ಮದರಾಸು ಹೈಕೋರ್ಟು ಸರ್ಟಿಫಿಕೇಟು ರದ್ದು ಮಾಡಿತು, 1989ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೊಡಿಸಿತು. ಆ ಚಿತ್ರವನ್ನು ತಡೆಯಬಾರದು ಎಂಬ ತೀರ್ಪಿನ ಬಗ್ಗೆ ನಮಗೆ ಜಗಳವಿಲ್ಲ, ವಾದಕ್ಕೆ ವಾದವೇ ಉತ್ತರ. ಆದರೆ ಲೆಕ್ಕ ನೋಡಿ. ಬಡತನ ತೋರಿಸಿದ್ದಕ್ಕೆ 'ಎ', ಮೀಸಲಾತಿ ವಿರುದ್ಧ ಅತ್ತದ್ದಕ್ಕೆ 'ಯು', ಎಂದರೆ ಹಸುಗೂಸಿನಿಂದ ಹಿಡಿದು ಎಲ್ಲರೂ ನೋಡಬಹುದು! ಮಂಡಳಿಯ ತಕ್ಕಡಿ ರಕ್ತ ಮತ್ತು ಬತ್ತಲೆಯನ್ನು ತೂಗುತ್ತದೆ, ಅವಮಾನವನ್ನು ತೂಗುವ ಕಲ್ಲು ಅದರ ಹತ್ತಿರ ಇಲ್ಲ. 1983ರಲ್ಲಿ 'ಯುಎ' ಬಂತು, 2023ರ ತಿದ್ದುಪಡಿಯಿಂದ ಅದನ್ನೂ 7, 13, 16 ಎಂದು ಮೂರು ಭಾಗ ಮಾಡಿದರು. ಮೇಷ್ಟ್ರುಗಳಿಗೆ ಇದರಿಂದ ಅನುಕೂಲ ಇದೆ, ಉಪಯೋಗಿಸಿಕೊಳ್ಳಲಿ. ಕಲ್ಲು ಮಾತ್ರ ಅದೇ.

ಬತ್ತಲೆ ಎಂದೆವು. ಚನ್ನರಾಯಪಟ್ಟಣದ ಪಕ್ಕದಲ್ಲೇ ಶ್ರವಣಬೆಳಗೊಳ ಇದೆ. ಸಾವಿರ ವರ್ಷದಿಂದ ಗೊಮ್ಮಟ ನಿಂತಿದ್ದಾನೆ, ನೂಲಿನೆಳೆ ಇಲ್ಲದೆ. ಪ್ರವಾಸದ ಬಸ್ಸಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗಿ ತೋರಿಸುತ್ತೇವೆ, ಯಾವ ಮಗುವೂ ಕೆಟ್ಟಿಲ್ಲ. ತಾನಾಗಿ ಎಲ್ಲ ಬಿಟ್ಟು ನಿಂತವನ ಬತ್ತಲೆ ಬೇರೆ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ದಲಿತ ಸಂಘರ್ಷ ಸಮಿತಿ ತಡೆಯಲು ಹೋದದ್ದು ಬೇರೆ ಬತ್ತಲೆಗಾಗಿ. ಅಲ್ಲಿ ಬಟ್ಟೆ ಕಳಚಿದ್ದು ದೇವರ ಹೆಸರಿನಲ್ಲಿ ಬಡವರ ಮೈಯಿಂದ. ಈ ಎರಡರ ವ್ಯತ್ಯಾಸ ಹೇಳಿಕೊಡುವುದು ಶಾಲೆಯ ಕೆಲಸ. (ಕನ್ನಡದಲ್ಲಿ ಅಶ್ಲೀಲದ ದೊಡ್ಡ ಜಗಳ ಎದ್ದದ್ದು ಅ.ನ.ಕೃ. ಕಾದಂಬರಿಗಳ ಸುತ್ತ. ಆ ಹೆಸರಿನ 'ಅ' ಅಂದರೆ ಅರಕಲಗೂಡು. ವೇಶ್ಯೆಯ ಬದುಕು ಬರೆದದ್ದಕ್ಕೆ ಅವರನ್ನು ಬೈದವರು, ಆ ಬದುಕನ್ನು ಕಟ್ಟಿದವರನ್ನು ಬೈದದ್ದು ಕಡಿಮೆ.)

ಇನ್ನು ಮಕ್ಕಳಿಗೆ ಒಳ್ಳೆಯದೆಂದು ಹೆಸರಾದ ಕತೆಗಳನ್ನೇ ನೋಡೋಣ. ಸತ್ಯಹರಿಶ್ಚಂದ್ರ. ರಾಘವಾಂಕನ ಕಾವ್ಯದಲ್ಲಿ ಹರಿಶ್ಚಂದ್ರ ರಾಜ್ಯ ಬಿಟ್ಟುಕೊಡಲು ತಯಾರು, ಹೊಲತಿಯರ ಕೈಹಿಡಿಯಲು ತಯಾರಿಲ್ಲ. ಆ ಮಾತು ನಡೆಯುವಾಗ ಕ್ಲಾಸಿನ ಕೊನೇ ಬೆಂಚಿನ ಹುಡುಗಿ ತಲೆ ಎಲ್ಲಿಡಬೇಕು? ಇದು ವಯಸ್ಸಿಗೆ ತಕ್ಕದ್ದು, 'ಜೈ ಭೀಮ್' ತಕ್ಕದ್ದಲ್ಲ ಎಂದು ಹೇಳಿ ನಾವು ಕೈ ತೊಳೆದುಕೊಳ್ಳಲಾರೆವು. ಎರಡಕ್ಕೂ ಬಾಯಿಬಿಡುವ ಮೇಷ್ಟ್ರು ಬೇಕು.

ನಾವು ಅಂಥ ಚಿತ್ರಗಳನ್ನು ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 2022ರ ಮಾರ್ಚಿಯಲ್ಲಿ 'ದಿ ಕಾಶ್ಮೀರ್ ಫೈಲ್ಸ್' ಬಂದಾಗ ಆಗಿನ ಕರ್ನಾಟಕ ಸರ್ಕಾರ ತೆರಿಗೆ ಬಿಟ್ಟಿತು. ಅದೂ 'ಎ' ಚಿತ್ರ. 2023ರ ಮೇ ತಿಂಗಳಲ್ಲಿ 'ದಿ ಕೇರಳ ಸ್ಟೋರಿ'ಗೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಆಯುರ್ವೇದ ಕಾಲೇಜೊಂದು ವಿದ್ಯಾರ್ಥಿನಿಯರು ಹೋಗಿ ನೋಡಬೇಕೆಂದು ನೋಟೀಸು ಹಾಕಿತು, ಗದ್ದಲ ಎದ್ದ ಮೇಲೆ ವಾಪಸ್ಸು ತೆಗೆದುಕೊಂಡಿತು. ಅಲ್ಲಿದ್ದವರು ವಯಸ್ಕರೇ. ಅಲ್ಲಿ ತಪ್ಪಿದ್ದದ್ದು ವಯಸ್ಸಿನಲ್ಲಲ್ಲ, ಬಲವಂತದಲ್ಲಿ. 2024ರ ಏಪ್ರಿಲ್‌ನಲ್ಲಿ ಕೇರಳದ ಇಡುಕ್ಕಿ ಧರ್ಮಪ್ರಾಂತ್ಯ ಅದೇ ಚಿತ್ರವನ್ನು 10ರಿಂದ 12ನೇ ತರಗತಿ ಮಕ್ಕಳಿಗೆ ತೋರಿಸಿತು. ಅಲ್ಲಿ ಎರಡೂ ತಪ್ಪಿದವು. ನೆರೆಯ ಸಾಬರ ಮನೆ ಹುಡುಗನ ಮೇಲೆ ಅನುಮಾನ ಬಿತ್ತುವ ಚಿತ್ರವನ್ನು ಮಕ್ಕಳ ತಲೆಗೆ ಸುರಿಯಬೇಡಿ ಎಂದು ಬೀದಿಗಿಳಿದ ನಾವು, ನಮ್ಮ ಬಣ್ಣದ ಚಿತ್ರ ಬಂದಾಗ ಹಾಸ್ಟೆಲ್ ಬಾಗಿಲು ಹಾಕಿ ಕೂರಿಸಿ ತೋರಿಸಿದರೆ ಯಾವ ಮುಖ ಇಟ್ಟುಕೊಂಡು ಮಾತಾಡೋದು? ನಮ್ಮ ಮಕ್ಕಳ ಕಣ್ಣು ನಮ್ಮ ಸಂಘಟನೆಯ ಆಸ್ತಿಯೂ ಅಲ್ಲ.

ಇಷ್ಟೆಲ್ಲ ಬರೆಯುತ್ತಿರುವಾಗಲೂ ಶಾಲೆ ಎಂದೂ ತೋರಿಸದೆ ಇದ್ದ ಒಂದು 'ಚಿತ್ರ'ದ ವಿಷಯ ಹೇಳದೆ ಮುಂದೆ ಹೋಗಲಾಗದು. 2024ರ ಏಪ್ರಿಲ್ 26ರ ಲೋಕಸಭೆ ಮತದಾನಕ್ಕೆ ಮುಂಚಿನ ದಿನಗಳಲ್ಲಿ ಹಾಸನ ಜಿಲ್ಲೆಯ ಉದ್ದಗಲಕ್ಕೆ ಪೆನ್‌ಡ್ರೈವುಗಳು ಹಂಚಿಹೋದವು. ಅದರಲ್ಲಿದ್ದುದು ಆಗಿನ ಸಂಸದ ಪ್ರಜ್ವಲ್ ರೇವಣ್ಣನದೆಂದು ಆರೋಪಿಸಲಾದ ವಿಡಿಯೋಗಳು. ಹೆಂಗಸರ ಮುಖ ಮುಚ್ಚುವ ಕನಿಷ್ಠ ಮರ್ಯಾದೆಯನ್ನೂ ಹಂಚಿದವರು ತೋರಲಿಲ್ಲ. ವಿಶೇಷ ತನಿಖಾ ತಂಡ ಬಂತು, ಇಂಥ ವಿಡಿಯೋ ಇಟ್ಟುಕೊಳ್ಳುವುದೂ ಕಳಿಸುವುದೂ ಅಪರಾಧ ಎಂದು ಎಚ್ಚರಿಸಿತು. ಅಷ್ಟರಲ್ಲಿ ಅವು ಫೋನಿನಿಂದ ಫೋನಿಗೆ ಹಾರಿಯಾಗಿತ್ತು. ಅಣ್ಣನ ಫೋನು, ಮಾವನ ಫೋನು ತಮ್ಮನ ಕೈಯಲ್ಲಿ ಇರುವ ಕಾಲ ಇದು. ಹದಿಮೂರರ ಹುಡುಗ ನೋಡಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳುವ ಮನೆ ಎಷ್ಟಿವೆ?

ಆ ಹುಡುಗ ನೋಡಿದ್ದು ಸಿನಿಮಾ ಅಲ್ಲ. ಅಪರಾಧದ ಸಾಕ್ಷಿ. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮನೆಕೆಲಸದ ಹೆಣ್ಣುಮಗಳೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಅವನನ್ನು ಅಪರಾಧಿ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಹೊಳೆನರಸೀಪುರ ತಾಲ್ಲೂಕಿನ ತೋಟದ ಮನೆಯಲ್ಲಿ ಕೂಲಿಗಿದ್ದ ಹೆಂಗಸು ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳಿದ ಮಾತು ಗೆದ್ದಿತು. ಈ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಅಂಥ ತೋಟಗಳಲ್ಲಿ ಕೂಲಿ ಮಾಡುವವರು, ಅಂಥ ಮನೆಗಳಲ್ಲಿ ಪಾತ್ರೆ ಉಜ್ಜುವವರು ನಮ್ಮ ಕೇರಿಗಳ ತಾಯಂದಿರೇ. ಅವರ ಮಕ್ಕಳು ಕೂತ ಕ್ಲಾಸಿನಲ್ಲೇ ಆ ವಿಡಿಯೋ ನೋಡಿ ನಕ್ಕ ಹುಡುಗರೂ ಕೂತಿರುತ್ತಾರೆ. ನಾವು ಮಾತಾಡಿಸಿದ ಮೇಷ್ಟ್ರುಗಳು ಆಗ ಏನೂ ಹೇಳಲಿಲ್ಲವಂತೆ. 'ಏನ್ ಹೇಳೋದು ಸಾರ್? ಆ ಹೆಸರು ಬಾಯಲ್ಲಿ ಬಂದ್ರೆ ನಾಳೆ ಟ್ರಾನ್ಸ್‌ಫರ್' ಎಂದರು ಒಬ್ಬರು. ಅವರ ಭಯ ಸುಳ್ಳಲ್ಲ. ಆದರೆ ಯಾರ ಹೆಸರನ್ನೂ ಹೇಳದೆ ಇಷ್ಟು ಹೇಳಬಹುದಿತ್ತು: ಮಕ್ಕಳೇ, ನಿಮ್ಮ ಫೋನಿಗೆ ಬಂದಿರುವುದು ತಮಾಷೆಯಲ್ಲ. ಅದರಲ್ಲಿರುವ ಹೆಂಗಸು ಆಟಗಾರ್ತಿಯಲ್ಲ. ಅದನ್ನು ಮುಂದೆ ಕಳಿಸಿದವನು ಅವಳ ಮೇಲೆ ಇನ್ನೊಮ್ಮೆ ಕೈಮಾಡಿದ ಹಾಗೆ. ಹತ್ತು ನಿಮಿಷದ ಮಾತು. 'ಎ' ಚಿತ್ರ ಬೇಡ ಎಂದು ಬಾಗಿಲು ಕಾಯುವ ಶಾಲೆ ಈ ಹತ್ತು ನಿಮಿಷ ಕೊಡದೆ ಹೋದರೆ ಕಾದದ್ದೇನು?

ಗೆಳೆಯ ಮೇಷ್ಟ್ರುಗಳಿಗೆ ನಾವು ಹೇಳುವುದು ಹೆಚ್ಚೇನಿಲ್ಲ. ತೋರಿಸುವ ಮುಂಚೆ ನೀವು ಪೂರ್ತಿ ನೋಡಿ. ಪೂರ್ತಿ ಅಂದರೆ ಪೂರ್ತಿ, ಟ್ರೇಲರ್ ನೋಡಿ ಅಲ್ಲ. ಎದ್ದು ಹೋಗುವ ಮಗುವನ್ನು ಹೋಗಲು ಬಿಡಿ, ಹಾಜರಿ ಹಾಕಬೇಡಿ. ನಡುವೆ ನಿಲ್ಲಿಸಿ ಮಾತಾಡಿ. ಮುಖ್ಯವಾಗಿ, ದಲಿತ ಮಗುವನ್ನು ಎಬ್ಬಿಸಿ 'ನಿಮ್ಮ ಕಡೆ ಹಿಂಗೇ ಏನಪ್ಪಾ?' ಎಂದು ಸಾಕ್ಷಿ ಕೇಳಬೇಡಿ. ಪ್ರಶ್ನೆಯನ್ನು ಉಳಿದವರ ಕಡೆ ತಿರುಗಿಸಿ. ನಾಗರಾಜ ಮಂಜುಳೆಯ 2013ರ ಮರಾಠಿ ಚಿತ್ರ 'ಫ್ಯಾಂಡ್ರಿ' ಇದಕ್ಕೆ ಹೇಳಿಮಾಡಿಸಿದಂತಿದೆ. ಜಬ್ಯಾ ಎಂಬ ಹುಡುಗ ಮನೆಯವರೊಂದಿಗೆ ಹಂದಿ ಹಿಡಿಯುವಾಗ ಅವನ ಕ್ಲಾಸಿನವರೇ ನಿಂತು ನಗುತ್ತಾರೆ. ಸತ್ತ ಹಂದಿಯನ್ನು ಹೊತ್ತು ಹೋಗುವಾಗ ಶಾಲೆ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ, ಸಾವಿತ್ರಿಬಾಯಿ ಚಿತ್ರಗಳು. ಕೊನೆಗೆ ಹುಡುಗ ಎಸೆದ ಕಲ್ಲು ನೋಡುವವರ ಕಣ್ಣಿಗೇ ಬರುತ್ತದೆ. ಲಾಕಪ್ಪಿನ ರಕ್ತ ಇಲ್ಲದೆ ಅವಮಾನ ಹೇಗಿರುತ್ತದೆಂದು ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಅಲ್ಲಿ ಕೇಳಬೇಕಾದ್ದು ಜಬ್ಯಾನಿಗೆ ಹೇಗಾಯಿತು ಎಂದಲ್ಲ, ನಕ್ಕವರಲ್ಲಿ ನೀನು ಎಲ್ಲಿ ನಿಂತಿದ್ದೆ ಎಂದು. ಚಿಕ್ಕವರಿಗೆ 'ಬೆಟ್ಟದ ಹೂವು' ಸಾಕು. ಪುಸ್ತಕಕ್ಕೆಂದು ಕೂಡಿಟ್ಟ ಕಾಸಲ್ಲಿ ಮನೆಯವರಿಗೆ ಕಂಬಳಿ ಕೊಳ್ಳುವ ಆ ಹುಡುಗನನ್ನು ನಮ್ಮ ಮಕ್ಕಳು ಯಾರೂ ವಿವರಿಸದೆ ಅರ್ಥ ಮಾಡಿಕೊಳ್ಳುತ್ತಾರೆ.

'ಚೋಮನ ದುಡಿ'ಯ ಬಗ್ಗೆ ಮಾತ್ರ ನಮ್ಮೊಳಗೇ ಜಗಳ ಮುಗಿದಿಲ್ಲ. 1975ರಲ್ಲಿ ಬಿ.ವಿ. ಕಾರಂತರು ಮಾಡಿದ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ನೀರಿನಲ್ಲಿ ಮುಳುಗುವ ಮಗನನ್ನು ಮುಟ್ಟುವವರಿಲ್ಲ. ತೋಟದ ಸಾಲಕ್ಕೆ ಮಗಳು ಬೆಳ್ಳಿ ತನ್ನ ಮೈ ತೆರುತ್ತಾಳೆ. ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಹತ್ತನೇ ಕ್ಲಾಸಿಗೆ ತೋರಿಸಿ, ಉಳುವ ಭೂಮಿ ಅವನಿಗೆ ಯಾಕೆ ಸಿಗಲಿಲ್ಲ ಎಂದು ಕೇಳಿ ಎನ್ನುತ್ತಾರೆ ಅರ್ಧ ಗೆಳೆಯರು. ಸಾಯುವ ಚೋಮನನ್ನೇ ಎಷ್ಟು ಸಲ ತೋರಿಸುತ್ತೀರಿ, ಬಾಗಿಲು ಒದ್ದು ಹೊರಬರುವ ಚೋಮನನ್ನು ಯಾರಾದರೂ ಮಾಡಲಿ, ಆಮೇಲೆ ಶಾಲೆಗೆ ತನ್ನಿ ಎನ್ನುತ್ತಾರೆ ಇನ್ನರ್ಧ. ಕ್ಲಾಸಿನಲ್ಲಿ ತೋರಿಸಿ ನೋಡಿದ ಮೇಷ್ಟ್ರುಗಳಿದ್ದರೆ ಮಕ್ಕಳು ಏನು ಕೇಳಿದರು ಎಂಬುದನ್ನು ಮಕ್ಕಳ ಮಾತಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.