ಕದ್ದ ಅಚ್ಚಿನ ದೋಣಿ

ರೇಡಿಯೊ ನಿಯಂತ್ರಿತ ದೋಣಿಗೆ ಒಡಲು ಕೊಳ್ಳುವವರು ಮೊದಲು ಅದನ್ನು ಮಗುಚಿ ನೋಡಬೇಕು. ಬಣ್ಣ, ಹೊಳಪು, ಹೆಸರಿನ ಸ್ಟಿಕ್ಕರ್ ಎಲ್ಲ ಆಮೇಲೆ. ತಳವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬೆಳಕಿನ ಗೆರೆ ಮೂತಿಯಿಂದ ಹಿಂಬದಿಯ ಪಲಗೆಯವರೆಗೆ ಅಳುಕದೆ ಹರಿದುಹೋಗಬೇಕು. ನಡುವೆ ಎಲ್ಲಾದರೂ ಅದು ನಡುಗಿದರೆ ಅಲ್ಲಿ ತಳ ತಗ್ಗಿದೆ, ಇಲ್ಲವೇ ಉಬ್ಬಿದೆ. ಆಮೇಲೆ ಪಕ್ಕವೂ ತಳವೂ ಕೂಡುವ ಅಂಚಿನ ಮೇಲೆ ಹೆಬ್ಬೆರಳು ಹಾಯಿಸಿ. ವೇಗದ ದೋಣಿಯಾದರೆ ಆ ಅಂಚು ಬೆರಳಿಗೆ ಹರಿತವಾಗಿಯೇ ತಾಗಬೇಕು. ನಾಲ್ಕು ದಿನ ಬಳಸಿದ ಸೋಪಿನ ಅಂಚಿನಂತೆ ನುಣುಪಾಗಿದ್ದರೆ ಆ ಒಡಲು ಬೇರೊಬ್ಬರ ಒಡಲಿನ ಮೇಲೆ ಎರಕ ತೆಗೆದದ್ದಿರಬಹುದು ಎಂಬ ಅನುಮಾನ ಅಲ್ಲಿಂದ ಶುರುವಾಗಬೇಕು.

ನಕಲಿ ಒಡಲು ಈ ಹವ್ಯಾಸದ ಹಳೆಯ ರೋಗ. ಯಾರೋ ಒಬ್ಬರು ತಿದ್ದಿ ತೀಡಿ ರೂಪಿಸಿದ ಒಡಲೊಂದನ್ನು ದುಡ್ಡು ಕೊಟ್ಟು ತರುತ್ತಾರೆ. ಅದಕ್ಕೆ ಮೇಣ ತಿಕ್ಕಿ, ಮೇಲೆ ಜೆಲ್‌ಕೋಟ್ ಬಳಿದು, ರೆಸಿನ್‌ನಲ್ಲಿ ನೆನೆಸಿದ ಫೈಬರ್‌ಗ್ಲಾಸ್ ಹೊದಿಸುತ್ತಾರೆ. ಗಟ್ಟಿಯಾದ ಮೇಲೆ ಬಿಡಿಸಿಕೊಂಡರೆ ಕೈಯಲ್ಲಿ ಅಚ್ಚು ಸಿದ್ಧ. ಶನಿವಾರ ಬೆಳಿಗ್ಗೆ ಹಿಡಿದ ಕೆಲಸ ಭಾನುವಾರ ಸಂಜೆಗೆ ಮುಗಿಯುತ್ತದೆ. ಸೋಮವಾರದಿಂದ ಬೇರೆ ಹೆಸರು, ಕಡಿಮೆ ಬೆಲೆ. ಅಮೆರಿಕದ ದೋಣಿ ತಯಾರಕರು ಇದನ್ನು ಸ್ಪ್ಲಾಷ್ ಎನ್ನುತ್ತಾರೆ. ಮನುಷ್ಯರು ಕೂರುವ ದೊಡ್ಡ ದೋಣಿಗಳ ಲೋಕದಲ್ಲಿ ಹುಟ್ಟಿದ ಚಾಳಿ ಇದು. ಮೀಟರ್ ಉದ್ದದ ಪುಟ್ಟ ದೋಣಿಗಳಲ್ಲಿ ಇನ್ನೂ ಸಲೀಸು, ಏಕೆಂದರೆ ಇಡೀ ಒಡಲು ಊಟದ ಮೇಜಿನ ಮೇಲೆ ಹಿಡಿಸುತ್ತದೆ.

ಅಸಲಿ ಒಡಲು ಹುಟ್ಟುವ ಬಗೆ ಗೊತ್ತಿದ್ದವರಿಗೆ ಈ ಎರಡು ದಿನದ ಕೆಲಸ ಸಂಕಟ ತರುತ್ತದೆ. ಮೊದಲು ಪ್ಲಗ್, ಅಂದರೆ ಅಚ್ಚು ತೆಗೆಯಲು ಬೇಕಾದ ಮೂಲ ಮಾದರಿ, ಆಗಬೇಕು. ಪ್ಲೈವುಡ್ಡಿನ ಅಡ್ಡಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಬಾಲ್ಸಾ ಮರದ ಸೀಳುಗಳನ್ನು ಅಂಟಿಸಿ, ಅಥವಾ ಗಟ್ಟಿ ಫೋಮನ್ನು ಕೆತ್ತಿ ಒಂದು ಆಕಾರ ತರುತ್ತಾರೆ. ಅದರ ಮೇಲೆ ಗ್ಲಾಸ್ ಬಟ್ಟೆ, ಪುಟ್ಟಿ, ಪ್ರೈಮರ್, ಮತ್ತೆ ಸ್ಯಾಂಡ್‌ಪೇಪರ್. ಎಡ ಬಲ ಒಂದೇ ಎನ್ನುವುದನ್ನು ರಟ್ಟಿನ ಟೆಂಪ್ಲೇಟ್ ಹಿಡಿದು ಪ್ರತಿ ಅಡ್ಡಗೆರೆಯಲ್ಲೂ ಪರೀಕ್ಷಿಸಬೇಕು. ಅದರಿಂದ ತೆಗೆದ ಮೊದಲ ಒಡಲು ನೀರಿಗಿಳಿದು ತಿರುವಿನಲ್ಲಿ ಮಗುಚಿಕೊಳ್ಳುತ್ತದೆ, ಅಥವಾ ಎದುರು ಗಾಳಿಗೆ ಮೂತಿ ಎತ್ತಿ ಹಾರಿಬಿಡುತ್ತದೆ. ತಳದ ಕೋನವನ್ನು ಒಂದೆರಡು ಡಿಗ್ರಿ ಬದಲಿಸಿ ಇನ್ನೊಂದು ಪ್ಲಗ್ ಮಾಡುತ್ತಾರೆ. ಹೀಗೆ ತಳ್ಳಿಹಾಕಿದ ಪ್ಲಗ್‌ಗಳ ರಾಶಿಯ ಮೇಲೆ ಒಂದು ಒಳ್ಳೆಯ ಒಡಲು ನಿಂತಿರುತ್ತದೆ. ಕೊಳ್ಳುವವರು ಕೊಡುವ ಬೆಲೆಯಲ್ಲಿ ಗ್ಲಾಸ್ ಮತ್ತು ರೆಸಿನ್‌ನ ಪಾಲು ಸಣ್ಣದು. ಉಳಿದದ್ದು ಆ ತಳ್ಳಿಹಾಕಿದ ರಾಶಿಯ ಖರ್ಚು. ನಕಲು ಮಾಡುವವರು ಆ ಖರ್ಚನ್ನು ಪೂರ್ತಿ ಉಳಿಸಿಕೊಳ್ಳುತ್ತಾರೆ.

ಉಳಿಸಿಕೊಂಡದ್ದು ನೀರಿನಲ್ಲಿ ಗೊತ್ತಾಗುತ್ತದೆ. ಅಚ್ಚಿನ ಅಚ್ಚು ತೆಗೆದಂತೆಲ್ಲ ಆಕಾರ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ 5ರಿಂದ 8ರಷ್ಟು ಕುಗ್ಗುತ್ತದೆ. ಗಾಜಿನ ನಾರು ಅದನ್ನು ಹಿಡಿದಿಡುವುದರಿಂದ ಒಡಲು ಅಷ್ಟು ಕಿರಿದಾಗುವುದಿಲ್ಲ, ಆದರೆ ಚಪ್ಪಟೆಯಾಗಿರಬೇಕಾದ ತಳವನ್ನು ಎಳೆದು ಬಾಗಿಸಲು ಆ ಕುಗ್ಗುವಿಕೆ ಸಾಕು. ಅಂಗಡಿಯಿಂದ ತಂದ ಒಡಲು ತೆಳ್ಳಗಿನದು. ಒಳಗಿನಿಂದ ಆಧಾರ ಕೊಡದೆ ಅದರ ಮೇಲೆ ಅಚ್ಚು ಕಟ್ಟಿದರೆ ಭಾರಕ್ಕೆ ಅದು ತಿರುಚಿಕೊಳ್ಳುತ್ತದೆ. ಆ ತಿರುಚು ಅಚ್ಚಿನಲ್ಲಿ ಶಾಶ್ವತವಾಗುತ್ತದೆ. ಅಚ್ಚನ್ನು ಹೊಳಪಿಸಲು ತಿಕ್ಕಿದಷ್ಟೂ ಅಂಚುಗಳು ದುಂಡಗಾಗುತ್ತವೆ.

ಅಂಚಿನ ಮಾತನ್ನು ಇಷ್ಟು ಹೇಳುವುದಕ್ಕೆ ಕಾರಣವಿದೆ. ವೇಗದ ದೋಣಿ ನೀರನ್ನು ಸೀಳಿಕೊಂಡು ಹೋಗುವುದಕ್ಕಿಂತ ಹೆಚ್ಚಾಗಿ ನೀರಿನ ಮೇಲೆ ಜಾರುತ್ತದೆ. ತಳಕ್ಕೆ ಬಡಿದ ನೀರು ಪಕ್ಕದ ಅಂಚಿನಲ್ಲಿ, ಹಿಂಬದಿಯ ಅಂಚಿನಲ್ಲಿ ಥಟ್ಟನೆ ಬಿಟ್ಟುಹೋಗಬೇಕು. ಅಂಚು ದುಂಡಗಿದ್ದರೆ ನೀರು ಅದನ್ನು ಸುತ್ತಿಕೊಂಡು ಮೇಲಕ್ಕೆ ಹತ್ತಿ ಒಡಲನ್ನು ಕೆಳಕ್ಕೆ ಹೀರುತ್ತದೆ. ಹಿಂಬದಿಯ ಮೂರನೇ ಒಂದು ಭಾಗದಲ್ಲಿ ತಳ ಕೂದಲೆಳೆಯಷ್ಟು ಕೆಳಕ್ಕೆ ಬಾಗಿದ್ದರೂ ಅದು ಹಿಂಬದಿಯನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ. ಅಷ್ಟೇ ಮೇಲಕ್ಕೆ ಬಾಗಿದ್ದರೆ ದೋಣಿ ಡಾಲ್ಫಿನ್ ಹಾಗೆ ನೆಗೆಯುತ್ತ ಓಡುತ್ತದೆ. ಗಂಟೆಗೆ 60 ಕಿ.ಮೀ. ಮೀರಿ ಓಡುವ ಪುಟ್ಟ ದೋಣಿಯಲ್ಲಿ ಇದು ಒಡಲು ಚೂರಾಗುವುದಕ್ಕೂ ದಡ ಸೇರುವುದಕ್ಕೂ ಇರುವ ಅಂತರ. ನಕಲಿ ಒಡಲು ಕೊಂಡವರು ತಿಂಗಳುಗಟ್ಟಲೆ ಪ್ರೊಪೆಲ್ಲರ್ ಬದಲಿಸಿ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ, ತಪ್ಪು ತಮ್ಮ ಜೋಡಣೆಯದೇ ಎಂದು ಕೊರಗುವುದನ್ನು ನೋಡಿದ್ದೇನೆ. ಉಕ್ಕಿನ ಸ್ಕೇಲೊಂದನ್ನು ತಳಕ್ಕೆ ಹಚ್ಚಿ ನೋಡಿದ್ದರೆ ಉತ್ತರ ಒಂದು ನಿಮಿಷದಲ್ಲಿ ಸಿಗುತ್ತಿತ್ತು.

ಹಾಯಿದೋಣಿಯ ಲೆಕ್ಕ ಬೇರೆ. ಅಲ್ಲಿ ಅಂಚಿಗಿಂತ ತೂಕ ಮುಖ್ಯ. ಐಒಎಂ ಎಂದು ಹೆಸರಾದ ಅಂತರರಾಷ್ಟ್ರೀಯ ಒಂದು ಮೀಟರ್ ವರ್ಗವನ್ನೇ ತೆಗೆದುಕೊಳ್ಳಿ. ಒಡಲಿನ ಉದ್ದ 1000 ಮಿಲಿಮೀಟರ್ ದಾಟುವಂತಿಲ್ಲ, ಇಡೀ ದೋಣಿಯ ತೂಕ 4000 ಗ್ರಾಮಿಗಿಂತ ಕಡಿಮೆಯಾಗುವಂತಿಲ್ಲ. ಅಷ್ಟು ಉದ್ದದ ಒಡಲು ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುವ ಮುನ್ನ ಗಂಟೆಗೆ ಸುಮಾರು ನಾಲ್ಕೂವರೆ ಕಿ.ಮೀ. ಓಡಬಲ್ಲದು. ಉದ್ದಕ್ಕೂ ವೇಗಕ್ಕೂ ಇರುವ ಈ ನಂಟನ್ನು ಮಾದರಿ ದೋಣಿಗಳಿಂದಲೇ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1870ರ ದಶಕದಲ್ಲಿ ಟಾರ್ಕಿಯ ತಮ್ಮ ತೊಟ್ಟಿಯಲ್ಲಿ ಪ್ಯಾರಾಫಿನ್ ಮೇಣದ ಒಡಲುಗಳನ್ನು ಎಳೆಸಿ ಅವರು ಹಡಗುಗಳ ಪ್ರತಿರೋಧವನ್ನು ಅಳೆದರು. ಮೇಣವನ್ನು ಕೆತ್ತಿ ತಿದ್ದುವುದು ಸುಲಭ, ಚಿಕ್ಕ ಬದಲಾವಣೆಯ ಫಲ ಅಲ್ಲೇ ಕಾಣುತ್ತದೆ. ಇಂದಿನ ಐಒಎಂ ವಿನ್ಯಾಸಕರು ಕಂಪ್ಯೂಟರಿನಲ್ಲಿ ಮಾಡುವುದೂ ಅದೇ ಕೆಲಸ. ಸ್ಪರ್ಧೆಯಲ್ಲಿ ಎಲ್ಲ ದೋಣಿಗಳ ಒಟ್ಟು ತೂಕ ಸರಿಸುಮಾರು ಒಂದೇ ಆದ್ದರಿಂದ, ಒಡಲಿನಲ್ಲಿ ಉಳಿಸಿದ ಪ್ರತಿ ಗ್ರಾಮನ್ನೂ ಬೇಕಾದ ಜಾಗದಲ್ಲಿ ಇಡಬಹುದು. ನಕಲಿ ಒಡಲಿನ ಒಳಗೆ ಇಣುಕಿದರೆ ಸಾಮಾನ್ಯವಾಗಿ ಒರಟು ಮ್ಯಾಟ್ ಕಾಣುತ್ತದೆ, ರೆಸಿನ್ ಮಡುಗಟ್ಟಿ ನಿಂತಿರುತ್ತದೆ. ಹದವಾಗಿ ನೇಯ್ದ ಬಟ್ಟೆ ಹಾಸಿದ ಅಸಲಿಗಿಂತ ಅದು ತೂಗುತ್ತದೆ. ಆ ಹೆಚ್ಚಿನ ತೂಕ ಮೂತಿಯಲ್ಲೂ ಹಿಂಬದಿಯಲ್ಲೂ ಹಂಚಿಹೋಗಿ ದೋಣಿ ಅಲೆಗೆ ತೊನೆದಾಡುತ್ತದೆ. ಆದರೂ ಹಾಯಿದೋಣಿಯವರಿಗೆ ಒಂದು ಅನುಕೂಲವಿದೆ. ಈ ವರ್ಗದಲ್ಲಿ ಪ್ರತಿ ಒಡಲಿಗೂ ನೋಂದಣಿ ಸಂಖ್ಯೆ ಇರುತ್ತದೆ, ಅಳತೆಯ ಪ್ರಮಾಣಪತ್ರ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಆ ಕಾಗದ ಕೇಳದೆ ಮುಂದುವರಿಯಬಾರದು.

ಕಾನೂನು ಏನನ್ನುತ್ತದೆ ಎಂಬುದರಲ್ಲಿ ನನಗೆ ಬಲು ಆಸಕ್ತಿ, ಏಕೆಂದರೆ ಈ ಹವ್ಯಾಸದ ಹುಟ್ಟೇ ಒಂದು ಪೇಟೆಂಟ್. 1898ರಲ್ಲಿ ನಿಕೋಲ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂತಿಯಿಲ್ಲದೆ ನಡೆಸುವ ದೋಣಿಯನ್ನು ಜನರಿಗೆ ತೋರಿಸಿದರು. ಅದೇ ವರ್ಷದ ನವೆಂಬರ್ 8ರಂದು ಅವರಿಗೆ 613,809 ಸಂಖ್ಯೆಯ ಪೇಟೆಂಟ್ ಸಿಕ್ಕಿತು. ದೋಣಿಯನ್ನು ನಡೆಸುವ ಉಪಾಯಕ್ಕೆ ರಕ್ಷಣೆ ಸಿಕ್ಕಿತು. ಒಡಲಿನ ಆಕಾರದ ಪ್ರಶ್ನೆ ನ್ಯಾಯಾಲಯದ ಕಟ್ಟೆ ಹತ್ತಲು ಬಹಳ ಕಾಲ ಹಿಡಿಯಿತು.

ಫ್ಲಾರಿಡಾದ ಬೊನಿಟೊ ಬೋಟ್ಸ್ ಕಂಪನಿ 1976ರಲ್ಲಿ 5ವಿಬಿಆರ್ ಎಂಬ ಫೈಬರ್‌ಗ್ಲಾಸ್ ದೋಣಿಯನ್ನು ರೂಪಿಸಿತು. ಗಟ್ಟಿಮರದಲ್ಲಿ ಮಾದರಿ ಮಾಡಿ, ಅದರ ಮೇಲೆ ಅಚ್ಚು ತೆಗೆದು, ಅಚ್ಚಿನಿಂದ ದೋಣಿಗಳನ್ನು ಎರೆದರು. ಪೇಟೆಂಟಿಗೆ ಅರ್ಜಿ ಹಾಕಲಿಲ್ಲ. 1983ರಲ್ಲಿ ಫ್ಲಾರಿಡಾ ರಾಜ್ಯವೇ ಒಂದು ಕಾನೂನು ತಂದಿತು: ಬೇರೆಯವರು ತಯಾರಿಸಿದ ಒಡಲಿನ ಮೇಲೆ ನೇರವಾಗಿ ಅಚ್ಚು ತೆಗೆದು ಮಾರಲು ಒಡಲು ಮಾಡುವಂತಿಲ್ಲ. ಅದನ್ನು ಹಿಡಿದು ಬೊನಿಟೊ ಟೆನೆಸಿಯ ಥಂಡರ್ ಕ್ರಾಫ್ಟ್ ಬೋಟ್ಸ್ ಮೇಲೆ ದಾವೆ ಹೂಡಿತು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ರಾಜ್ಯದ ಕಾನೂನನ್ನೇ ಹೊಡೆದುಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಒಕಾನರ್. ಪೇಟೆಂಟ್ ಇಲ್ಲದೆ ಸಾರ್ವಜನಿಕರ ಮುಂದಿಟ್ಟ ಆಕಾರ ಸಾರ್ವಜನಿಕರದು, ರಾಜ್ಯವೊಂದು ಅದಕ್ಕೆ ಪೇಟೆಂಟಿನಂಥ ಬೇಲಿ ಹಾಕುವಂತಿಲ್ಲ ಎಂಬುದು ಅದರ ತಿರುಳು. ತೀರ್ಪಿನ ತರ್ಕ ಗಟ್ಟಿಯಾಗಿದೆ. ಆದರೆ ಫಲ ಅನುಭವಿಸಿದವರು ಪ್ಲಗ್ ಮಾಡುವವರು.

ಅಮೆರಿಕದ ಸಂಸತ್ತು 1998ರ ಅಕ್ಟೋಬರಿನಲ್ಲಿ ಒಡಲಿನ ವಿನ್ಯಾಸಕ್ಕೆಂದೇ ಪ್ರತ್ಯೇಕ ಕಾಯ್ದೆ ತಂದಿತು. ನೋಂದಾಯಿಸಿದ ಒಡಲಿಗೆ ಹತ್ತು ವರ್ಷದ ರಕ್ಷಣೆ. ನಮ್ಮ ಹವ್ಯಾಸಿಗಳು ಹಿಗ್ಗುವ ಮೊದಲು ಅದರ ವ್ಯಾಖ್ಯೆಯನ್ನು ಓದಬೇಕು: ದೋಣಿಯೆಂದರೆ ತನ್ನದೇ ಬಲದಿಂದ ನೀರಿನಲ್ಲಿ ಸಾಗಬಲ್ಲದ್ದು, ಜೊತೆಗೆ ಒಬ್ಬರಾದರೂ ಪ್ರಯಾಣಿಕರನ್ನು ಹೊರುವಂತೆ ರೂಪಿಸಿದ್ದು. ಆ ಎರಡನೆಯ ಮಾತಿನಲ್ಲಿ ಮಾದರಿ ದೋಣಿಗಳೆಲ್ಲ ಹೊರಗೆ ಉಳಿದವು. ವಿನ್ಯಾಸದ ಪೇಟೆಂಟ್ ಎಂಬ ಮಾಮೂಲಿ ದಾರಿ ತೆರೆದೇ ಇದೆ. ಆದರೆ ಗ್ಯಾರೇಜಿನಲ್ಲಿ ಕೂತು ವರ್ಷಕ್ಕೆ ಕೆಲವೇ ಡಜನ್ ಒಡಲು ಎರೆಯುವವರು ವಕೀಲರ ಶುಲ್ಕ ಎಲ್ಲಿಂದ ತರಬೇಕು?

ನಮ್ಮ ದೇಶದ 2000ದ ವಿನ್ಯಾಸ ಕಾಯ್ದೆಯಲ್ಲಿ ಪ್ರಯಾಣಿಕರ ಷರತ್ತಿಲ್ಲ. ಬಹಿರಂಗವಾಗುವ ಮುನ್ನವೇ ನೋಂದಾಯಿಸಿದರೆ ಹತ್ತು ವರ್ಷ, ಮೇಲೆ ಐದು ವರ್ಷದ ವಿಸ್ತರಣೆ. ಆದರೆ ಅದು ಕಾಯುವುದು ಕಣ್ಣಿಗೆ ಕಾಣುವ ಅಂದವನ್ನು. ಬರೀ ಕೆಲಸಕ್ಕಾಗಿ ಹುಟ್ಟಿದ ಆಕಾರಕ್ಕೆ ಅಲ್ಲಿ ಜಾಗ ಕಷ್ಟ. ವೇಗದ ಒಡಲಿನ ತಳ ಹುಟ್ಟಿದ್ದೇ ಕೆಲಸಕ್ಕೆ. ಎನ್‌ಸಿಸಿ ನೌಕಾ ವಿಭಾಗದ ಶಿಪ್ ಮಾಡೆಲಿಂಗ್‌ನಲ್ಲಿ ಕೈ ಪಳಗಿಸಿಕೊಂಡು ಮುಂದೆ ಸ್ವಂತ ಒಡಲು ಮಾಡಿ ಮಾರಲು ಹೊರಡುವ ಹುಡುಗ ಹುಡುಗಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಇಲ್ಲಿ ಒಂದು ಪ್ರತಿವಾದ ಬರುತ್ತದೆ, ಅದನ್ನು ಗೌರವದಿಂದಲೇ ಕೇಳಬೇಕು. ದೋಣಿ ಕಟ್ಟುವ ಕಲೆ ನಡೆದು ಬಂದದ್ದೇ ಒಬ್ಬರನ್ನು ನೋಡಿ ಒಬ್ಬರು ಕಲಿತು ಎನ್ನುತ್ತಾರೆ. ನಿಜ. ಆಳವಾದ ವಿ ಆಕಾರದ ತಳವನ್ನು ರೇ ಹಂಟ್ ರೂಪಿಸಿದರು. ಆ ತಳದ ಮಾಪಿ ಎಂಬ ದೋಣಿ 1960ರ ಮಯಾಮಿ–ನಸ್ಸೌ ಓಟವನ್ನು ಗೆದ್ದ ಮೇಲೆ ಲೋಕವೆಲ್ಲ ಅದನ್ನು ಹಿಂಬಾಲಿಸಿತು. ಇಂದಿನ ಪುಟ್ಟ ವೇಗದ ದೋಣಿಗಳಲ್ಲೂ ಆ ತಳದ ವಂಶವಿದೆ. ಆ ಹಿಂಬಾಲಿಕೆಯನ್ನು ನಾನು ಕಳ್ಳತನ ಎನ್ನಲಾರೆ. ಹಂಟ್ ಅವರ ಉಪಾಯ ಅರಿತು, ತಮ್ಮದೇ ಗೆರೆ ಎಳೆದು, ತಮ್ಮದೇ ಪ್ಲಗ್ ಉಜ್ಜಿದವರು ಆ ಕಲೆಗೆ ಏನನ್ನಾದರೂ ಸೇರಿಸಿದರು. ಒಡಲಿನ ಮೇಲೆ ಮೇಣ ತಿಕ್ಕಿದವರು ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಲಿಯುವುದೂ ಇಲ್ಲ. ಆ ಅಂಚು ಅಲ್ಲೇಕೆ ಇದೆ ಎಂಬುದು ಗೊತ್ತಿಲ್ಲದ್ದರಿಂದಲೇ ಅದನ್ನು ತಿಕ್ಕಿ ದುಂಡಗಾಗಿಸುತ್ತಾರೆ.

ಕಳವು ಬಯಲಾಗುವುದೂ ಅದೇ ಅರಿವುಗೇಡಿನಿಂದ. ಓಡಿಸಿ ಬಿಟ್ಟ ಒಡಲಿನ ಮೇಲೆ ಅಚ್ಚು ತೆಗೆದಿದ್ದರೆ, ಚುಕ್ಕಾಣಿಗೆ ಕೊರೆದು ಪುಟ್ಟಿಯಿಂದ ಮುಚ್ಚಿದ ತೂತಿನ ಗುರುತು ಮಂಕಾಗಿ ಉಳಿಯುತ್ತದೆ, ಮೋಟಾರು ತಂಪಾಗಿಸುವ ನೀರಿನ ಕೊಳವೆ ಹೊರಬರುತ್ತಿದ್ದ ಜಾಗ ಉಳಿಯುತ್ತದೆ, ದಡಕ್ಕೆ ಉಜ್ಜಿದ ಗೀರು ಕೂಡ. ಎರಡು ಒಡಲುಗಳನ್ನು ಪಕ್ಕಪಕ್ಕ ಇಟ್ಟಾಗ ಒಂದೇ ಜಾಗದಲ್ಲಿ ಒಂದೇ ಉದ್ದದ ಗೀರು ಕಂಡರೆ ಬೇರೆ ಸಾಕ್ಷಿ ಬೇಡ. ಜಾಣ ತಯಾರಕರು ಇದನ್ನೇ ಬಳಸಿಕೊಂಡು ಅಚ್ಚಿನಲ್ಲಿ ತಮಗೆ ಮಾತ್ರ ಗೊತ್ತಿರುವ ಒಂದು ಚಿಕ್ಕ ಗುರುತು ಬಿಡುತ್ತಾರೆ.

ಈಗ ಮೇಣವೂ ಬೇಡವಾಗಿದೆ. ಸ್ಕ್ಯಾನರ್ ಹಿಡಿದರೆ, ಬೇಕಾದಷ್ಟು ಫೋಟೊ ತೆಗೆದರೂ ಸಾಕು, ಒಡಲು ಕಂಪ್ಯೂಟರ್ ಕಡತವಾಗುತ್ತದೆ, ತ್ರಿಡಿ ಪ್ರಿಂಟರಿನಲ್ಲಿ ಇಳಿಯುತ್ತದೆ. ಇಲ್ಲಿ ಅಂಚು ಕೆಡಬೇಕೆಂದಿಲ್ಲ, ಗೀರು ಉಳಿಯಬೇಕೆಂದಿಲ್ಲ, ತೂಕವೂ ಹೆಚ್ಚದಿರಬಹುದು. ಅಸಲಿಗೆ ಸಮನಾಗಿ ಓಡುವ ನಕಲು ಬಂದರೆ ಆಗಲೂ ನನ್ನ ಮಾತು ಬದಲಾಗದು. ಮೊದಲ ಪ್ಲಗ್ ಮಾಡಿದವರಿಗೆ ಒಂದು ಕಾಸೂ ಹೋಗದಿದ್ದರೆ ಅವರು ಎರಡನೆಯ ಪ್ಲಗ್ ಮಾಡಲಾರರು. ಚಿಕ್ಕ ಹವ್ಯಾಸ ಇದು. ಹೊಸ ಒಡಲು ರೂಪಿಸುವವರು ಎಲ್ಲ ದೇಶಗಳಲ್ಲೂ ಬೆರಳೆಣಿಕೆಯವರು. ಸ್ವಂತ ಬಳಕೆಗೆ ಮಾತ್ರ ಎಂದು ಷರತ್ತು ಹಾಕಿ ವಿನ್ಯಾಸಕರು ಹಂಚಿದ ಕಡತವನ್ನು ಮುದ್ರಿಸಿ ಮಾರುವವರನ್ನೂ ನಾನು ಇದೇ ಸಾಲಿನಲ್ಲಿ ನಿಲ್ಲಿಸುತ್ತೇನೆ.

ಒಂದು ಬಗೆಯ ನಕಲಿಗೆ ಮಾತ್ರ ನನ್ನ ಮನಸ್ಸು ಮೆದುವಾಗುತ್ತದೆ. ತಯಾರಕರು ತೀರಿಕೊಂಡಿದ್ದಾರೆ, ಅಚ್ಚು ಕಳೆದುಹೋಗಿದೆ, ಉಳಿದಿರುವುದು ಯಾರದೋ ಅಟ್ಟದ ಮೇಲಿನ ಒಂದೇ ಒಡಲು. ಅದರ ಮೇಲೆ ಅಚ್ಚು ತೆಗೆಯದಿದ್ದರೆ ಆ ಆಕಾರವೇ ಇಲ್ಲವಾಗುತ್ತದೆ. ಹಾಗೆ ಉಳಿಸುವವರು ಮೊದಲು ಮನೆಯವರನ್ನು ಹುಡುಕಿ ಕೇಳಲಿ. ಅನೇಕ ವೇಳೆ ಅಚ್ಚು ಕಳೆದೇ ಇರುವುದಿಲ್ಲ, ಗ್ಯಾರೇಜಿನ ಮೂಲೆಯಲ್ಲಿ ಇರುತ್ತದೆ. ಮನೆಯವರು ಅದನ್ನು ಮಾರಲೂ ಸಿದ್ಧರಿರುತ್ತಾರೆ. ಅಚ್ಚುಗಳು ಹೀಗೆ ಕೈ ಬದಲಿಸುವುದು ಈ ಹವ್ಯಾಸದಲ್ಲಿ ಹೊಸತಲ್ಲ. ಕೊಂಡ ಮೇಲೆ ಹೊಸ ಒಡಲುಗಳನ್ನು ಹಳೆಯ ವಿನ್ಯಾಸಕರ ಹೆಸರಿನಲ್ಲೇ ಮಾರಲಿ. ಅಂಥ ಒಡಲಿಗೆ ಎರಡು ಪಟ್ಟು ಬೆಲೆ ಹೇಳಿದರೂ ನಾನು ಕೊಡುತ್ತೇನೆ.