ಬಾಳೆಹಣ್ಣು ಮೊಟ್ಟೆಯಾದೀತೆ?

ಮಾಂಸ ಬಿಟ್ಟು ಸಸ್ಯಾಹಾರಕ್ಕೆ ಹೊರಳುವವರನ್ನು ನಾವು ಆಕ್ಷೇಪಿಸುವುದಿಲ್ಲ. ತಟ್ಟೆಯ ಆಯ್ಕೆ ಅವರವರದು. ಆದರೆ ಬದಲಿಗೆ ಬಂದದ್ದು ಬಿಟ್ಟದ್ದರ ಕಸುವನ್ನು ತುಂಬಬೇಕು.

2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಆರಂಭವಾದಾಗ, ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು ನಿಗದಿಯಾಯಿತು. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಇದೆಂಥ ಬದಲಿ?

ನಗರದ ದುಬಾರಿ 'ಸಸ್ಯ ಮಾಂಸ' ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕೂಲಿಕಾರರಿಗೆ ಎಟುಕದು, ಬೇಕಾಗಿಯೂ ಇಲ್ಲ. ಜೋಳದ ರೊಟ್ಟಿಗೆ ಅಲಸಂದಿ, ಹೆಸರು, ತೊಗರಿ ಇಲ್ಲಿನ ರೂಢಿಯ ಜೊತೆ. ಕಿರಾಣಿ ಅಂಗಡಿಯ ಒಣ ಸೋಯಾ ಚಂಕ್ಸ್ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇದೆ. ಬಿ12 ಮಾತ್ರ ಕಾಳಿನಲ್ಲಿ ಸಿಗದು. ಹಾಲು, ಮೊಟ್ಟೆಯನ್ನೂ ಬಿಟ್ಟವರು ಮಾತ್ರೆ ನುಂಗಲೇಬೇಕು.

ಬಾಳೆಹಣ್ಣಿನ ಜೊತೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟಿದ್ದರೂ ಪ್ರೋಟೀನಿನ ಲೆಕ್ಕ ಸರಿಹೋಗುತ್ತಿತ್ತು.